ಮಳೆಯನ್ನು ಎಣಿಸುವ ಬಿದಿರು: ಸೂರಿನ ನೀರಿನಿಂದ ಒಂದು ಶಬ್ದಶಿಲ್ಪ

ಜರ್ಮನಿಯ ಡ್ರೆಸ್ಡೆನ್ ನಗರದಲ್ಲಿ ಒಂದು ನೀಲಿ ಮನೆಯಿದೆ. ಆನೆಟ್ ಪಾಲ್, ಕ್ರಿಸ್ಟೋಫ್ ರಾಸ್ನರ್ ಮತ್ತು ಆಂದ್ರೆ ಟೆಂಪೆಲ್ ಎಂಬ ಮೂವರು ಅದರ ಗೋಡೆಯ ತುಂಬ ಆಲಿಕೆಗಳನ್ನೂ ಬಾಗಿದ ತಗಡಿನ ಕೊಳವೆಗಳನ್ನೂ ಜೋಡಿಸಿದ್ದಾರೆ. ಮಳೆ ಬಂದಾಗ ಚಾವಣಿಯ ನೀರು ಅವುಗಳೊಳಗೆ ಹರಿದು ಗೋಡೆಯೇ ಸದ್ದು ಮಾಡುತ್ತದೆ. ಅದರ ಚಿತ್ರವನ್ನು ನೋಡಿದಾಗ, ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯ ಆಸುಪಾಸಿನಲ್ಲಿರುವ ನಾವು ಇಂಥದ್ದನ್ನು ಏಕೆ ಮಾಡಬಾರದು ಎಂದು ನನಗೆ ಅನ್ನಿಸಿತು. ಆದರೆ ನನಗೆ ಬೇಕಾದದ್ದು ಬರೀ ಸದ್ದಲ್ಲ. ಮಳೆ ಎಷ್ಟು ಬಿತ್ತೆಂಬುದನ್ನೂ ಹೇಳುವ ಸದ್ದು. ತೀರ್ಥಹಳ್ಳಿ ಕಡೆಯ ನಮ್ಮ ಮನೆಯಂಗಳದಲ್ಲಿ ಮೂರು ಮಳೆಗಾಲ ಮಾಡಿ ನೋಡಿದ ಮೇಲೆ ಕೈಗೂಡಿದ ಕ್ರಮವನ್ನು ಇಲ್ಲಿ ವಿವರಿಸುತ್ತೇನೆ.

ಮೂಲ ಉಪಾಯ ಜಪಾನಿನದು. ಹೊಲಕ್ಕೆ ನುಗ್ಗುವ ಜಿಂಕೆ, ಕಾಡುಹಂದಿಗಳನ್ನು ಬೆದರಿಸಲು ಅಲ್ಲಿನ ರೈತರು ಶಿಶಿ ಓದೋಶಿ ಎಂಬ ಬಿದಿರಿನ ಕೊಳವೆಯನ್ನು ಬಳಸುತ್ತಿದ್ದರು. ಕ್ಯೋಟೋದ ಶಿಸೆಂದೋ ತೋಟದಲ್ಲಿ ಅದರ ಸದ್ದನ್ನು ಇಂದಿಗೂ ಕೇಳಬಹುದು. ಕೊಳವೆಯ ಮುಂಭಾಗ ತೆರೆದ ಬಾಯಿ, ಹಿಂಭಾಗ ಭಾರ. ಬರಿದಾಗಿದ್ದಾಗ ಹಿಂಭಾಗ ಕಲ್ಲಿನ ಮೇಲೆ ಕೂತು ಬಾಯಿ ಮೇಲಕ್ಕಿರುತ್ತದೆ. ನೀರು ತುಂಬುತ್ತ ಬಂದಂತೆ ಭಾರ ಮುಂದಕ್ಕೆ ಸರಿದು, ಒಂದು ಹಂತದಲ್ಲಿ ಕೊಳವೆ ಮಗುಚಿ ನೀರನ್ನೆಲ್ಲ ಚೆಲ್ಲುತ್ತದೆ. ಕೂಡಲೇ ಹಿಂಭಾಗ ಕೆಳಗೆ ಬಿದ್ದು ಕಲ್ಲಿಗೆ ಬಡಿಯುತ್ತದೆ. ಹವಾಮಾನ ಕೇಂದ್ರಗಳ ಎಷ್ಟೋ ಮಳೆಮಾಪಕಗಳ ಒಳಗೆ ಇದೇ ರೀತಿ ಮಗುಚುವ ಪುಟ್ಟ ಬಟ್ಟಲುಗಳಿರುತ್ತವೆ. ಅವುಗಳಲ್ಲಿ ಒಂದು ಬಗೆ ಪ್ರತಿ 0.2 ಮಿ.ಮೀ. ಮಳೆಗೆ ಒಮ್ಮೆ ಮಗುಚುತ್ತದೆ. ನಮ್ಮ ಬಿದಿರನ್ನೂ ಅದೇ ಲೆಕ್ಕಕ್ಕೆ ತರಬಹುದು.

ಮೂರು ವರ್ಷ ದಾಟಿದ, ಒಳಗಿನ ಟೊಳ್ಳು ಸುಮಾರು ಆರು ಸೆಂಟಿಮೀಟರ್ ಇರುವ ಬಿದಿರನ್ನು ನಿಮ್ಮದೇ ಹಿತ್ತಲಿನ ಮೆಳೆಯಿಂದ ಆರಿಸಿಕೊಳ್ಳಿ. ಎಳೆಯ ಬಿದಿರು ಒಣಗುವಾಗ ಸುಕ್ಕಿ ಸೀಳುತ್ತದೆ. ಕಡಿದ ಬಿದಿರನ್ನು ಎರಡು ಮೂರು ವಾರ ಹರಿಯುವ ಹಳ್ಳದಲ್ಲಿ ಮುಳುಗಿಸಿಟ್ಟರೆ, ಕೊರೆಯುವ ಹುಳುಗಳಿಗೆ ಆಹಾರವಾಗುವ ಪಿಷ್ಟ ಬಹುಮಟ್ಟಿಗೆ ತೊಳೆದುಹೋಗುತ್ತದೆ. ಅನಂತರ ನೆರಳಿನಲ್ಲಿ ಒಣಗಿಸಿ, ನಡುವೆ ಒಂದು ಗೆಣ್ಣು ಬರುವಂತೆ ಎರಡು ಅಡಿ ಉದ್ದದ ತುಂಡು ಮಾಡಿಕೊಳ್ಳಿ. ಆ ಗೆಣ್ಣಿನ ಅಡ್ಡಗೋಡೆಯೇ ನೀರು ಹಿಂದಕ್ಕೆ ಹೋಗದಂತೆ ತಡೆಯುವುದರಿಂದ ಅದು ಒಡೆದಿರಬಾರದು. ಮುಂದಿನ ಬಾಯಿಯನ್ನು ಬರೆಯುವ ಲೆಕ್ಕಣಿಕೆಯ ತುದಿಯಂತೆ ಓರೆಯಾಗಿ ಕೊಯ್ಯಿರಿ. ನೇರವಾಗಿ ಕೊಯ್ದರೆ ಬೀಳುವ ನೀರನ್ನು ಅದು ಸರಿಯಾಗಿ ಹಿಡಿಯುವುದಿಲ್ಲ.

ಈ ಕೆಲಸದ ಜೀವಾಳವಿರುವುದು ಕೊಳವೆ ತೂಗುವ ಅಚ್ಚಿನಲ್ಲಿ. ಮೊದಲ ವರ್ಷ ನಾನು ಕೊಳವೆಗೇ ತೂತು ಕೊರೆದು ಕಂಬಿ ತೂರಿಸಿದ್ದೆ. ತೂತಿನ ಸುತ್ತ ನೀರು ಸೋರುತ್ತ, ಕೊಳವೆ ಎಂದೂ ತುಂಬದೆ, ಆರಿದ್ರಾ ಮಳೆಯಿಡೀ ಸದ್ದಿಲ್ಲದೆ ಕಳೆದುಹೋಯಿತು. ಆದ್ದರಿಂದ ತೂತು ಬೇಡ. ಎಂಟು ಮಿಲಿಮೀಟರಿನ ಕಬ್ಬಿಣದ ಕಂಬಿಯನ್ನು ಕೊಳವೆಯ ಕೆಳಮೈಗೆ ಅಡ್ಡಲಾಗಿ ಇಟ್ಟು, ತಾಮ್ರದ ತಂತಿಯಿಂದ ಬಿಗಿಯಾಗಿ ಕಟ್ಟಿರಿ. ಕಂಬಿಯ ಜಾಗ ಗೆಣ್ಣಿಗಿಂತ ಎರಡು ಬೆರಳಿನಷ್ಟು ಮುಂದಕ್ಕೆ, ಬಾಯಿಯ ಕಡೆಗೆ, ಇರಬೇಕು. ಹೀಗಿದ್ದರೆ ಮೊದಲು ಒಳಬಂದ ನೀರು ಕಂಬಿಯ ಹಿಂದೆ ನಿಂತು ಕೊಳವೆಯನ್ನು ಇನ್ನಷ್ಟು ಭದ್ರವಾಗಿ ಕೂರಿಸುತ್ತದೆ. ನೀರು ಏರಿ ಮುಂದಕ್ಕೆ ಬಂದಾಗ ಕೊಳವೆ ತೂಗಾಡದೆ ಒಮ್ಮೆಗೇ ಮಗುಚುತ್ತದೆ. ಕಂಬಿಯ ಎರಡು ತುದಿಗಳನ್ನು, ನೆಲದಲ್ಲಿ ಹೂತ ಎರಡು ಅಡಿಕೆ ದಬ್ಬೆಗಳ ಮೇಲ್ತುದಿಯ ಕಚ್ಚಿನಲ್ಲಿ ಕೂರಿಸಿದರಾಯಿತು.

ಇನ್ನು ಅಳತೆ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಸಿಗುವ ನೀರು ಸರಿಯಾಗಿ ಒಂದು ಲೀಟರ್. ಮಾಡಿನ ನೆತ್ತಿಯಿಂದ ಸೂರಿನವರೆಗಿನ ದೂರವನ್ನು ಇಳಿಜಾರಿನ ಮೇಲೆ ಅಳೆಯದೆ, ನೆಲದ ಮೇಲೆ ಅಳೆಯಿರಿ. ಅದು ಐದು ಮೀಟರ್ ಇದ್ದರೆ, ಸೂರಿನ ಅರ್ಧ ಮೀಟರ್ ಅಗಲದ ನೀರನ್ನು, ಎಂದರೆ ಸುಮಾರು ಎರಡು ಸಾಲು ಮಂಗಳೂರು ಹೆಂಚಿನ ನೀರನ್ನು, ಅಷ್ಟೇ ಉದ್ದದ ಅಡಿಕೆ ದಂಬೆಯಲ್ಲಿ (ಅಡಿಕೆ ಮರವನ್ನು ಸೀಳಿ ಟೊಳ್ಳು ಮಾಡಿದ ದೋಣಿಯಲ್ಲಿ) ಹಿಡಿದು ಕೊಳವೆಯ ಬಾಯಿಗೆ ಬಿಡಿ. ಆಗ ಮಳೆ ಬೀಳುವ ಜಾಗ ಎರಡೂವರೆ ಚದರ ಮೀಟರ್ ಆಗುವುದರಿಂದ 0.2 ಮಿ.ಮೀ. ಮಳೆಗೆ ಅರ್ಧ ಲೀಟರ್ ನೀರು ಬರುತ್ತದೆ. ಕೊಳವೆ ಸರಿಯಾಗಿ 500 ಮಿಲಿಲೀಟರಿಗೆ ಮಗುಚುವಂತೆ ಮಾಡುವುದೇ ಶ್ರುತಿ ಮಾಡುವ ಕೆಲಸ. ಅಳತೆಯ ಲೋಟದಿಂದ ನಿಧಾನವಾಗಿ ನೀರು ಹೊಯ್ಯುತ್ತ ನೋಡಿ. ಬೇಗ ಮಗುಚಿದರೆ ಕಂಬಿಯನ್ನು ಕೂದಲೆಳೆಯಷ್ಟು ಬಾಯಿಯ ಕಡೆಗೆ ಸರಿಸಿ, ಇಲ್ಲವೇ ಹಿಂದಿನ ಟೊಳ್ಳಿಗೆ ಮರಳು ತುಂಬಿ ಬೆಣೆ ಬಡಿಯಿರಿ; ತಡವಾದರೆ ಕಂಬಿಯನ್ನು ಹಿಂದಕ್ಕೆ ಸರಿಸಿ. ಇದಕ್ಕೆ ಒಂದು ಇಡೀ ಮಧ್ಯಾಹ್ನ ಹಿಡಿಯುತ್ತದೆ, ಅವಸರ ಮಾಡಬೇಡಿ.

ಗಂಟೆಗೆ 10 ಮಿ.ಮೀ. ಮಳೆಯಾಗುವಾಗ ಇದು ಗಂಟೆಗೆ 50 ಸಲ, ಎಂದರೆ 72 ಸೆಕೆಂಡಿಗೊಮ್ಮೆ, ಬಡಿಯುತ್ತದೆ. ಗಂಟೆಗೆ 60 ಮಿ.ಮೀ. ಸುರಿದರೆ 12 ಸೆಕೆಂಡಿಗೊಮ್ಮೆ. ಜಗಲಿಯಲ್ಲಿ ಕೂತು ಎರಡು ಬಡಿತಗಳ ನಡುವೆ ಎಣಿಸಿದರೆ ಮಳೆಯ ರಭಸ ಕಿವಿಗೇ ತಿಳಿಯುತ್ತದೆ. ಒಣಗಿದ ಹೆಂಚು ಮೊದಲ ಹನಿಗಳನ್ನು ಹೀರಿಕೊಳ್ಳುವುದರಿಂದಲೂ, ಕೊಳವೆ ಮಗುಚಿರುವಷ್ಟು ಹೊತ್ತು ಬೀಳುವ ನೀರು ವ್ಯರ್ಥವಾಗುವುದರಿಂದಲೂ ಲೆಕ್ಕ ತುಸು ಕಡಿಮೆಯೇ ಬರುತ್ತದೆ. ಹಗಲಿರುಳೂ ಎಣಿಸುವುದಕ್ಕೆ ತಂತಿಯಿರುವ ಅಗ್ಗದ ಸೈಕಲ್ ಮೀಟರ್ ಸಾಕು. ಅದರ ಅಯಸ್ಕಾಂತವನ್ನು ಕೊಳವೆಯ ಹಿಂತುದಿಗೂ, ಸೆನ್ಸರನ್ನು ಅದರ ಪಕ್ಕದಲ್ಲಿ ನೆಟ್ಟ ಗೂಟಕ್ಕೂ, ಪ್ರತಿ ಏಳುಬೀಳಿಗೆ ಒಂದೇ ಸಲ ಎಣಿಕೆಯಾಗುವಂತೆ ಕಟ್ಟಿ, ಚಕ್ರದ ಸುತ್ತಳತೆಯನ್ನು 2,000 ಮಿ.ಮೀ. ಎಂದು ನಮೂದಿಸಿರಿ. ಆಗ 500 ಬಡಿತಕ್ಕೆ ಮೀಟರ್ ಒಂದು ಕಿಲೋಮೀಟರ್ ತೋರಿಸುತ್ತದೆ. ಅದು 100 ಮಿ.ಮೀ. ಮಳೆಗೆ ಸಮ.

ಸದ್ದಿಗಾಗಿ ಕಲ್ಲನ್ನು ಆರಿಸುವಾಗ ಕಿವಿಯನ್ನೇ ನಂಬಿ. ಜಂಬಿಟ್ಟಿಗೆ ಸದ್ದನ್ನು ನುಂಗುತ್ತದೆ, ಹಳ್ಳದ ನುಣುಪಾದ ಕರಿಗಲ್ಲು ಅದನ್ನು ಸ್ಪಷ್ಟವಾಗಿ ಹೊರಡಿಸುತ್ತದೆ. ಚೆಲ್ಲಿದ ನೀರು ಜಲ್ಲಿಯ ಮೇಲೆ ಬಿದ್ದು ತೋಟದ ಬಸಿಗಾಲುವೆಗೆ ಸೇರಲಿ. ಮಳೆ ಹೊಳವಾದಾಗ ಕೊಳವೆಯಲ್ಲಿ ಉಳಿದ ನೀರನ್ನು ಮರೆಯದೆ ಚೆಲ್ಲಿ, ಏಕೆಂದರೆ ಒಂದು ವಾರ ನಿಂತ ನೀರು ಸೊಳ್ಳೆಗಳಿಗೆ ಸಾಕಾಗುತ್ತದೆ.

ನನಗೆ ಅತ್ಯಂತ ಪ್ರಿಯವಾದ ಭಾಗ ಇನ್ನೂ ಉಳಿದಿದೆ. ಜಗಲಿಯ ಗೋಡೆಗೆ ಕೆಮ್ಮಣ್ಣು ಬಳಿದ ಹಲಗೆಯೊಂದನ್ನು ಒರಗಿಸಿ, ಪ್ರತಿ 10 ಮಿ.ಮೀ. ಮಳೆಗೆ ಅಕ್ಕಿಹಿಟ್ಟಿನ ಒಂದು ಬಿಳಿ ಗೆರೆ ಎಳೆಯುತ್ತೇನೆ. ಮೃಗಶಿರ, ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ ಎಂದು ಮಳೆ ನಕ್ಷತ್ರಕ್ಕೊಂದು ಅಂಕಣ. ಕೆಂಪು ನೆಲ, ಬಿಳಿ ಗೆರೆ, ನಾರಿನ ಕುಂಚ ಇವೆಲ್ಲ ಸಾಗರ, ಸೊರಬ ಕಡೆಯ ದೀವರ ಹೆಣ್ಣುಮಕ್ಕಳು ಗೋಡೆಯ ಮೇಲೆ ಬರೆಯುವ ಹಸೆ ಚಿತ್ತಾರದಿಂದ ಕಲಿತದ್ದು. ಆದರೆ ಅವರ ಹಸೆಯ ಆಕೃತಿಗಳಿಗೆ ಅವುಗಳದೇ ಅರ್ಥವೂ ಸಂದರ್ಭವೂ ಇರುವುದರಿಂದ ನಾನು ಅವನ್ನು ನಕಲು ಮಾಡುವುದಿಲ್ಲ, ಬರಿಯ ಗೆರೆಗಳನ್ನಷ್ಟೇ ಎಳೆಯುತ್ತೇನೆ. ಪುನರ್ವಸುವಿನ ಅಂಕಣದಲ್ಲಿ ಗೆರೆಗಳು ಒತ್ತೊತ್ತಾಗಿ ತುಂಬಿ, ಕೆಲವೊಮ್ಮೆ ಮಣ್ಣಿನ ಬಣ್ಣವೇ ಕಾಣದಂತಾಗುತ್ತದೆ.

ಮಳೆಗಾಲ ಮುಗಿದ ಮೇಲೆ ಕೊಳವೆಯನ್ನು ಬಿಚ್ಚಿ, ಕಂಬಿಯಿದ್ದ ಜಾಗಕ್ಕೆ ಚಾಕುವಿನಿಂದ ಒಂದು ಗೀಟು ಹಾಕಿ, ಅಡುಗೆಮನೆಯ ಹೊಗೆ ತಾಗುವ ಅಟ್ಟಕ್ಕೆ ಏರಿಸಿರಿ. ಒಣಗಿದ ಬಿದಿರಿನ ತೂಕ ಇಳಿದಿರುವುದರಿಂದ, ಮುಂದಿನ ಜೂನ್‌ನಲ್ಲಿ ಕಂಬಿಯನ್ನು ಆ ಗೀಟಿನ ಮೇಲೆ ಕಟ್ಟಿದ ಬಳಿಕ 500 ಮಿಲಿಲೀಟರಿನ ಅಳತೆಯನ್ನು ಇನ್ನೊಮ್ಮೆ ಹೊಯ್ದು ನೋಡಬೇಕು.