‘ಈ ಮದ್ದು ಸಿಂಪಡಿಸಿದರೆ ಕೊಳೆರೋಗ ಇಲ್ಲ’ ಎಂದವರಿಗೆ ಏನೇನು ಕೇಳಬೇಕು

ಮಳೆಗಾಲ ಹತ್ತಿರ ಬಂತು ಅಂದರೆ ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆ ಅಡಿಕೆ ಬೆಳೆಯುವವರ ಬಾಯಲ್ಲಿ ಕೊಳೆರೋಗಕ್ಕೆ, ಅಂದರೆ ಮಳೆಗೆ ಅಡಿಕೆ ಕಾಯಿ ಕೊಳೆತು ಉದುರುವ ರೋಗಕ್ಕೆ, ಯಾವುದಾದರೊಂದು ಹೊಸ ಮದ್ದಿನ ಸುದ್ದಿ ಇದ್ದೇ ಇರುತ್ತದೆ. ಬೋರ್ಡೋ (ಮೈಲುತುತ್ತ, ಸುಣ್ಣ ಕಲಸಿದ ತಾಮ್ರದ ಮದ್ದು) ಬೇಡವೇ ಬೇಡ, ಇದನ್ನು ಬಿಟ್ಟವರ (ಸಿಂಪಡಿಸಿದವರ) ತೋಟದಲ್ಲಿ ಒಂದು ಕಾಯಿಯೂ ಉದುರಿಲ್ಲ ಅನ್ನುತ್ತಾರೆ. ನಂಬಬೇಕಾ? ವಿಜ್ಞಾನದ ತತ್ವಶಾಸ್ತ್ರದಲ್ಲಿ ಇದಕ್ಕೆ ಒಳ್ಳೆಯ ಪ್ರಶ್ನೆಗಳಿವೆ. ಹೆಸರು ಕೇಳಿ ಹೆದರಬೇಡಿ.

ಮೊದಲು, ಮದ್ದು ಬಿಡದ ಮರಗಳು ಹೇಗಿದ್ದವು ಎಂದು ಕೇಳಿ. ಮಳೆಯೇ ಕಮ್ಮಿ ಇದ್ದ ವರ್ಷ ಏನೂ ಬಿಡದಿದ್ದರೂ ರೋಗ ಕಮ್ಮಿಯೇ, ಅಲ್ವಾ? ಅದೇ ತೋಟದಲ್ಲಿ ಒಂದು ಸಾಲನ್ನು ಹಾಗೇ ಉಳಿಸಿ ನೋಡಿಲ್ಲ ಎಂದಾದರೆ ಅವರ ಮಾತಿಗೆ ಜಾಸ್ತಿ ಬೆಲೆ ಕೊಡಬೇಕಿಲ್ಲ.

ಆಮೇಲೆ, ಏನಾದರೆ ಈ ಮಾತು ತಪ್ಪು ಎಂದು ಒಪ್ಪುತ್ತೀರಿ ಎಂದು ಕೇಳಿ. ವಿಜ್ಞಾನದ ತತ್ವಶಾಸ್ತ್ರಜ್ಞ ಕಾರ್ಲ್ ಪಾಪರ್ 1934ರಲ್ಲಿ ಒತ್ತಿ ಹೇಳಿದ್ದು ಇದನ್ನೇ. ಉತ್ತರವನ್ನು ಮಳೆಗೆ ಮೊದಲೇ ಬರೆದಿಟ್ಟುಕೊಳ್ಳಿ.

ನಿಜವಾದ ತೊಡಕು ಇನ್ನು ಶುರು. ರೋಗ ಬಂದೇ ಬಂತು ಅನ್ನಿ. ತಪ್ಪು ಮದ್ದಿನದ್ದಾ, ಕಲಸಿದ ರೀತಿಯದ್ದಾ, ಬಿಟ್ಟ ಕೂಡಲೇ ಮಳೆ ಹೊಡೆದದ್ದಾ? ಯಾವ ಊಹೆಯನ್ನೂ ಒಂಟಿಯಾಗಿ ಪರೀಕ್ಷಿಸಲು ಆಗುವುದಿಲ್ಲ ಎಂದು ಫ್ರಾನ್ಸಿನ ಭೌತವಿಜ್ಞಾನಿ ಪಿಯೆರ್ ಡ್ಯೂಹೆಮ್ ಹೇಳಿದ್ದು ಇದಕ್ಕೇ. ಹೀಗಾಗಿ ಮದ್ದಿನ ಪರ ಇರುವವರಿಗೆ ಸಬೂಬು ಹೇಳಲು ಜಾಗ ಸಿಗುತ್ತದೆ. ಹಾಗಂತ ಸಬೂಬು ಎಲ್ಲವೂ ಕೆಟ್ಟದ್ದಲ್ಲ. ಯುರೇನಸ್ ಗ್ರಹ ನ್ಯೂಟನ್ನನ ಲೆಕ್ಕದ ಪ್ರಕಾರ ಓಡುತ್ತಿರಲಿಲ್ಲ. ಆಚೆ ಇನ್ನೊಂದು ಗ್ರಹ ಎಳೆಯುತ್ತಿರಬೇಕು ಎಂದು ಫ್ರಾನ್ಸಿನ ಖಗೋಳಜ್ಞ ಲೆ ವೆರಿಯೆ ಲೆಕ್ಕ ಹಾಕಿದ, 1846ರಲ್ಲಿ ಹುಡುಕಿದಾಗ ನೆಪ್ಚೂನ್ ಸಿಕ್ಕಿತು. ಬುಧನೂ ಸ್ವಲ್ಪ ಹಾದಿ ತಪ್ಪುತ್ತಿದ್ದ, ಅದಕ್ಕೂ ವಲ್ಕನ್ ಎಂಬ ಗ್ರಹ ಇರಬೇಕು ಎಂದರು. ಎಷ್ಟು ಹುಡುಕಿದರೂ ಸಿಗಲಿಲ್ಲ, ಕೊನೆಗೆ 1915ರಲ್ಲಿ ಐನ್‌ಸ್ಟೈನ್ ಗುರುತ್ವದ ಲೆಕ್ಕವನ್ನೇ ಬದಲಿಸಬೇಕಾಯಿತು. ಎರಡೂ ಸಬೂಬೇ, ಆದರೆ ಎರಡನ್ನೂ ಹುಡುಕಿ ನೋಡಬಹುದಿತ್ತು.

ಹಾಗಾಗಿ ಸಬೂಬು ಕೊಟ್ಟರೆ ಬೈಯಬೇಡಿ, ಅದನ್ನು ಬೇರೆಯಾಗಿ ಪರೀಕ್ಷಿಸಲು ದಾರಿ ಇದೆಯಾ ಕೇಳಿ. ಬೋರ್ಡೋಗೆ ಸುಣ್ಣ ಕಮ್ಮಿಯಾಯಿತು ಎಂದರೆ ಉಜ್ಜಿದ ಕಬ್ಬಿಣದ ಕತ್ತಿಯನ್ನು ಅದರಲ್ಲಿ ಅದ್ದಿ. ತಾಮ್ರದ ಬಣ್ಣ ಹಿಡಿದರೆ ಸುಣ್ಣ ಸಾಲದು. ‘ನಿಮ್ಮ ಮಣ್ಣಿಗೆ ಶಕ್ತಿ ಇಲ್ಲ, ಅದಕ್ಕೇ ಮದ್ದು ಕೆಲಸ ಮಾಡಲಿಲ್ಲ’ ಎಂದರೆ ಏನನ್ನು ಎಲ್ಲಿ ಅದ್ದುತ್ತೀರಿ?

ಇನ್ನೊಂದು ಪ್ರಶ್ನೆ, ಎಷ್ಟು ಪುರಾವೆ ಇದ್ದರೆ ಸಾಕು? ಕಾಸರಗೋಡಿನದೇ ಪಡ್ರೆ, ಎಣ್ಮಕಜೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗೇರು ತೋಟಗಳ ಮೇಲೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು, ಕಾಯಿಲೆಗಳಿಗೆ ಅದೇ ಕಾರಣ ಎಂದು ಸಾಬೀತಾಗಿಲ್ಲ ಎಂಬ ವಾದ ವರ್ಷಗಟ್ಟಲೆ ನಡೆಯಿತು, ಸುಪ್ರೀಂ ಕೋರ್ಟ್ ಇಡೀ ದೇಶದಲ್ಲಿ ತಡೆ ಹಾಕಿದ್ದು 2011ರಲ್ಲಿ. ಸಾಬೀತು ಮಾಡಬೇಕಾದವರು ಸುರಿಯುವವರಾ, ಕೆಳಗೆ ಬದುಕುವವರಾ ಎನ್ನುವುದನ್ನು ಪ್ರಯೋಗಶಾಲೆ ತೀರ್ಮಾನಿಸುವುದಿಲ್ಲ. ಹೊಸ ಮದ್ದಿಗೂ ಇದೇ ಲೆಕ್ಕ. ಹೋದರೆ ನಾಲ್ಕು ಗೊನೆ ಅಡಿಕೆ ಎಂದಾದರೆ ಒಂದು ಸಾಲಿಗೆ ಬಿಟ್ಟು ನೋಡಿ. ಬಾವಿ ನೀರಿಗೆ ಸೇರುವಂಥದ್ದಾದರೆ, ಕೆಡುಕಿಲ್ಲ ಎಂದು ಮಾರುವವರೇ ಮೊದಲು ತೋರಿಸಲಿ.