ವ್ಯಾಕ್ಸ್ ಪ್ರಿಂಟ್ ಬಟ್ಟೆ: ಮೊದಲು ಹಿಂಬದಿ ನೋಡಿ

ಘಾನಾದ ಅಕ್ರಾಕ್ಕೆ ಬಂದ ಮೇಲೆ ನನ್ನ ಹೊಲಿಗೆ ಮಷಿನ್ನಿಗೆ ಬಿಡುವೇ ಇಲ್ಲ. ಕಾರಣ ಇಲ್ಲಿನ ವ್ಯಾಕ್ಸ್ ಪ್ರಿಂಟ್, ಅಂದರೆ ಮೇಣದಂಥ ರಾಳ ಅಚ್ಚೊತ್ತಿ ಬಣ್ಣ ಹಾಕಿದ ಹತ್ತಿ ಬಟ್ಟೆ. ಮಕೋಲಾ ಮಾರ್ಕೆಟ್ಟಿಗೆ ಹೋದರೆ ಆರಾರು ಗಜದ ಮಡಿಕೆಗಳು ತಲೆಯೆತ್ತರ ಪೇರಿಸಿರುತ್ತವೆ. ಯಾರಿಗಾದರೂ ಮೊದಲು ಕಣ್ಣಿಗೆ ಬೀಳೋದು ಬಣ್ಣ. ನಾನು ಮಾತ್ರ ಮೊದಲು ಬಟ್ಟೆ ಮಗುಚಿ ಹಿಂಬದಿ ನೋಡುತ್ತೇನೆ.

ಒಳ್ಳೆಯ ವ್ಯಾಕ್ಸ್‌ನಲ್ಲಿ ಎರಡೂ ಬದಿ ಒಂದೇ ತರ ಇರುತ್ತದೆ. ಬಿಸಿ ರಾಳವನ್ನು ಎರಡೂ ಕಡೆ ಅಚ್ಚೊತ್ತಿ, ಆಮೇಲೆ ಬಟ್ಟೆಗೆ ಬಣ್ಣ ಕುಡಿಸುತ್ತಾರೆ. ರಾಳ ಇದ್ದ ಕಡೆ ಬಣ್ಣ ಹಿಡಿಯುವುದಿಲ್ಲ. ಆದರೆ ರಾಳ ಬಿರುಕು ಬಿಟ್ಟ ಕಡೆ ಬಣ್ಣ ಒಳಗಿಳಿದು, ನರಗಳ ಹಾಗೆ ಸಣ್ಣ ಗೆರೆಗಳು ಮೂಡುತ್ತವೆ. ಪಕ್ಕಪಕ್ಕದ ಎರಡು ಹೂವುಗಳನ್ನು ಹೋಲಿಸಿ ನೋಡಿ. ಒಂದರ ಗೆರೆ ಇನ್ನೊಂದರಲ್ಲಿ ಇರುವುದಿಲ್ಲ. ಅಗ್ಗದ ನಕಲಿನಲ್ಲಿ ಬಿರುಕನ್ನೂ ಪ್ರಿಂಟ್ ಮಾಡಿರುತ್ತಾರೆ, ಹಾಗಾಗಿ ಎಲ್ಲಾ ಹೂವಿಗೂ ಅದೇ ಗೆರೆ. ಹಿಂಬದಿಯೂ ಪೇಲವ.

ವ್ಯಾಕ್ಸ್ ಪ್ರಿಂಟ್ ಹುಟ್ಟಿದ್ದು ಇಂಡೋನೇಷ್ಯಾದ ಜಾವಾದಲ್ಲಿ ಕೈಯಿಂದ ಮೇಣ ಹಚ್ಚಿ ಬಣ್ಣ ಹಾಕುವ ಬಾಟಿಕ್ ಅನ್ನು ಯುರೋಪಿನ ಮಷಿನ್ನುಗಳಲ್ಲಿ ಅನುಕರಿಸಲು ಹೊರಟಾಗ. ಹಾಲೆಂಡಿನ ಹೆಲ್ಮಂಡ್‌ನಲ್ಲಿ 1846ರಲ್ಲಿ ಶುರುವಾದ ವ್ಲಿಸ್ಕೊ ಕಂಪನಿ ಇವತ್ತಿಗೂ ಇದನ್ನು ತಯಾರಿಸುತ್ತದೆ. ಆದರೆ ಈ ಬಟ್ಟೆಯನ್ನು ಬೆಳೆಸಿದವರು ಪಶ್ಚಿಮ ಆಫ್ರಿಕಾದ ವ್ಯಾಪಾರಿ ಹೆಂಗಸರು ಅಂತಲೇ ನಾನು ಹೇಳೋದು. ಯಾವ ಡಿಸೈನ್ ಓಡುತ್ತದೆ ಅನ್ನೋದು ಅವರಿಗೇ ಚೆನ್ನಾಗಿ ಗೊತ್ತು. ಪಕ್ಕದ ಟೋಗೋದ ಲೋಮೆಯಲ್ಲಿ ಈ ವ್ಯಾಪಾರದಿಂದಲೇ ಬೆನ್ಜ್ ಕಾರು ಕೊಂಡ ಹೆಂಗಸರಿಗೆ 'ನಾನಾ ಬೆನ್ಜ್' (ನಾನಾ ಅಂದರೆ ಅಲ್ಲಿನ ಮಾತಲ್ಲಿ ಅಮ್ಮ) ಅಂತ ಹೆಸರೇ ಬಿತ್ತು. ಹಾರುವ ಹಕ್ಕಿಯ ಒಂದು ಡಿಸೈನ್ ಇದೆ. ದುಡ್ಡಿಗೂ ರೆಕ್ಕೆ ಇದೆ, ಬಂದ ಹಾಗೇ ಹಾರಿಹೋಗುತ್ತೆ ಅಂತ ಅದರ ಅರ್ಥ. ಅಂಗಡಿಯ ಆಂಟಿಯನ್ನು ಕೇಳಿದರೆ ಇಂಥವನ್ನು ಖುಷಿಯಿಂದ ಹೇಳುತ್ತಾರೆ.

ಮನೆಗೆ ತಂದ ಮೇಲೆ ತಣ್ಣೀರಲ್ಲಿ ಬೇರೆಯಾಗಿ ಒಗೆದು, ನೆರಳಲ್ಲಿ ಒಣಗಿಸಿಯೇ ಕತ್ತರಿ ಹಾಕುತ್ತೇನೆ. ಗಂಜಿ ಬಿಟ್ಟು ಬಟ್ಟೆ ಮೆದುವಾಗುತ್ತದೆ, ಕುಗ್ಗುವುದಿದ್ದರೆ ಆಗಲೇ ಕುಗ್ಗುತ್ತದೆ.

ಕತ್ತರಿಸುವುದೇ ದೊಡ್ಡ ಕೆಲಸ. ಒಂದೊಂದು ಚಿತ್ತಾರ ಊಟದ ತಟ್ಟೆಯಷ್ಟಿರುತ್ತದೆ. ಮಡಚಿ ಎರಡು ಪದರ ಒಟ್ಟಿಗೆ ಕತ್ತರಿಸಿದರೆ ಕೆಳಗಿನ ಚಿತ್ತಾರ ಎಲ್ಲಿ ಬಂತೋ ಗೊತ್ತಾಗುವುದಿಲ್ಲ. ಅದಕ್ಕೇ ಒಂದೇ ಪದರ ಹರಡಿ, ಪೇಪರ್ ಅಳತೆ ಇಟ್ಟು, ಬ್ಲೌಸಿನ ಬೆನ್ನಿಗೆ ಒಂದು ಇಡೀ ಹೂ ನಡುವೆ ಬರುವ ಹಾಗೆ ಹೊಂದಿಸುತ್ತೇನೆ. ತೋಳುಗಳಿಗೂ ಅಷ್ಟೇ, ಎರಡರಲ್ಲೂ ಒಂದೇ ಭಾಗ ಬರಬೇಕು. ಹಕ್ಕಿಗಳೆಲ್ಲ ಒಂದೇ ದಿಕ್ಕಿಗೆ ನೋಡುತ್ತಿದ್ದರೆ ಅರ್ಧ ಗಜ ಜಾಸ್ತಿ ಕೊಳ್ಳಿ. ಇಂಥ ಬ್ಲೌಸಿಗೆ ಚಿತ್ತಾರ ಇಲ್ಲದ ಕೈಮಗ್ಗದ ಸೀರೆ ಬಲು ಚೆಂದ. ಆರು ಗಜ ಇದೆಯಲ್ಲ, ಇದನ್ನೇ ಸೀರೆ ಮಾಡಿ ಉಡಬಹುದಾ ಅಂತ ಊರಿಂದ ಕೇಳುತ್ತಾರೆ. ಬೇಡ, ನೆರಿಗೆ ಕೂರಲ್ಲ.

ಮನೆಯೊಳಗೆ ನನಗೆ ತುಂಬಾ ಹಿಡಿಸಿದ್ದು ಹಾಲ್ ಮತ್ತು ಅಡುಗೆಮನೆ ನಡುವಿನ ಪರದೆ. ಯಾವ ಕಡೆಯಿಂದ ನೋಡಿದರೂ ಅದೇ ಬಣ್ಣ. ಪಡುವಣ ಕಿಟಕಿಗೆ ಮಾತ್ರ ಹಿಂದೆ ಬಿಳಿ ಲೈನಿಂಗ್ ಕೊಟ್ಟಿದ್ದೇನೆ, ಇಲ್ಲದಿದ್ದರೆ ಬಿಸಿಲಿಗೆ ಕಡುಬಣ್ಣ ಮಾಸುತ್ತದೆ. ದಿಂಬಿನ ಕವರಿಗೆ ದೊಡ್ಡ ಚಿತ್ತಾರ ಒಂದೇ ಸಾಕು, ಹಿಂಬದಿಗೆ ಸಾದಾ ಬಟ್ಟೆ.

ಉಳಿದ ಚೂರುಗಳನ್ನು ಕೌದಿಗೆ ಕೂಡಿಡುತ್ತಿದ್ದೇನೆ. ಬಟ್ಟೆ ದಪ್ಪ, ಪದರ ಜಾಸ್ತಿಯಾದರೆ ಕೈಸೂಜಿ ಸುಲಭವಾಗಿ ಇಳಿಯಲ್ಲ. ಹಾಗಾಗಿ ಒಳಗೆ ಹಳೆಯ ಕಾಟನ್ ಸೀರೆ ಒಂದೇ ಪದರ ಇಡುತ್ತೇನೆ.