ಕಟ್ಟುಹಾವೋ ತೋಳಹಾವೋ? ದೂರದಿಂದಲೇ ಗುರುತಿಸುವುದು ಹೀಗೆ

ಚಿತ್ರದುರ್ಗದ ಕೋಟೆ ಬುಡದಲ್ಲಿ ನಮ್ಮ ಬೀದಿ. ಮಳೆ ಶುರುವಾದರೆ ಸಾಕು, ಕಪ್ಪು ಮೈ ಬಿಳಿ ಪಟ್ಟೆಯ ಹಾವು ಬಂದಿದೆ ಅಂತ ನನ್ನನ್ನು ಕರೆಯುತ್ತಾರೆ. ವಿಷದ ಕಟ್ಟುಹಾವು ಅಂತ ಅವರ ಭಯ, ಆದರೆ ಎಷ್ಟೋ ಸಲ ಅದು ತೋಳಹಾವು. ಅದರಿಂದ ಮನುಷ್ಯರಿಗೆ ಅಪಾಯವಿಲ್ಲ. ಪಾಪ, ಸುಮ್ನೆ ಕೋಲಿನೇಟು ತಿಂದು ಸಾಯುತ್ತದೆ.

ಹತ್ತಿರ ಹೋಗಬೇಡಿ. ಆರೇಳು ಅಡಿ ದೂರ ನಿಂತು ಟಾರ್ಚ್ ಬಿಡಿ, ಮೊಬೈಲಿನಲ್ಲಿ ಜೂಮ್ ಮಾಡಿ ಫೋಟೋ ತೆಗೆಯಿರಿ. ಪಟ್ಟೆ ಎಲ್ಲಿ ಶುರುವಾಗಿದೆ ನೋಡಿ. ತೋಳಹಾವಿಗೆ ಕತ್ತಿನ ಹತ್ತಿರವೇ ಅಗಲ ಪಟ್ಟೆ. ಬಾಲದ ಕಡೆಗೆ ಮಾಸುತ್ತಾ ಹೋಗುತ್ತದೆ. ಕಟ್ಟುಹಾವಿಗೆ ಉಲ್ಟಾ. ತಲೆಯ ಕಡೆ ಪಟ್ಟೆ ಕಡಿಮೆ, ಹಿಂದೆ ಹೋದಂತೆ ಸಣ್ಣ ಬಿಳಿ ಗೆರೆಗಳು, ಹೆಚ್ಚಾಗಿ ಜೋಡಿ ಜೋಡಿಯಾಗಿ. ನಡುಬೆನ್ನಿನ ಮೇಲೆ ಆರು ಮೂಲೆಯ ದೊಡ್ಡ ಹುರುಪೆಗಳ ಸಾಲು ಕಂಡರೆ ಅದು ಕಟ್ಟುಹಾವೇ. ಗೋಡೆ ಹತ್ತಿ ಹಲ್ಲಿ ಹುಡುಕುವುದು ಸಾಮಾನ್ಯವಾಗಿ ತೋಳಹಾವು. ಮರಿಗಳಲ್ಲಿ ಗೊಂದಲ ಜಾಸ್ತಿ. ಅನುಮಾನ ಬಂದರೆ ಕಟ್ಟುಹಾವು ಅಂತಲೇ ತಿಳಿದು ಹಾವು ಹಿಡಿಯುವವರನ್ನು ಕರೆಸಿ.

ಅಮೆರಿಕದಲ್ಲೂ ಇಂಥದ್ದೇ ಕಥೆ. ಅಲ್ಲಿನ ವಿಷವಿಲ್ಲದ ಹಾವು ಸ್ಕಾರ್ಲೆಟ್ ಕಿಂಗ್‌ಸ್ನೇಕ್‌ಗೆ ವಿಷದ ಹವಳದ ಹಾವಿನಂಥದ್ದೇ ಪಟ್ಟೆ. ಕಿಂಗ್‌ಸ್ನೇಕ್‌ಗಳು ಬೇರೆ ಹಾವುಗಳನ್ನೂ ತಿನ್ನುತ್ತವೆ, ನಮ್ಮ ಕಟ್ಟುಹಾವಿನ ಹಾಗೆ.

ಕಟ್ಟುಹಾವು ಕಚ್ಚುವುದು ಹೆಚ್ಚಾಗಿ ರಾತ್ರಿ, ನೆಲದ ಮೇಲೆ ಮಲಗಿದವರನ್ನು. ನೋವೇ ಗೊತ್ತಾಗದಿರಬಹುದು. ಸೊಳ್ಳೆಪರದೆಯ ಅಂಚನ್ನು ಹಾಸಿಗೆ ಕೆಳಗೆ ಸಿಗಿಸಿಯೇ ಮಲಗಿ. ಬೆಳಗಿನ ಜಾವ ಹೊಟ್ಟೆನೋವು ಬಂದು ರೆಪ್ಪೆ ಜೋತುಬಿದ್ದರೆ ಕಟ್ಟುಹಾವು ಕಚ್ಚಿರಬಹುದು. ಕಚ್ಚಿದ ಕಡೆ ಬಿಗಿಯಾಗಿ ಕಟ್ಟಬೇಡಿ, ಕೊಯ್ಯಬೇಡಿ. ನೇರ ಜಿಲ್ಲಾ ಆಸ್ಪತ್ರೆಗೆ ಕರೆದೊಯ್ಯಿರಿ, ಗಾಡಿಯಲ್ಲಿ ಅವರನ್ನು ಅಲುಗಾಡದಂತೆ ಮಲಗಿಸಿ.